ನಮ್ಮಲ್ಲಿ ಆರ್ ಅಂಡ್ ಡಿ ಇಲ್ಲ, ಹೊರಗಿನ ಸಂಶೋಧನೆ ಬಳಸೋದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ವಾಲ್ವ್ ಕಾರ್ಖಾನೆ ಇದೆ. ತಂದೆಯವರು ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಮೂವತ್ತು ಜನ ಕೆಲಸಗಾರರಿದ್ದಾರೆ. ಗೇಟ್ ವಾಲ್ವ್, ಗ್ಲೋಬ್ ವಾಲ್ವ್ ಮಾಡುತ್ತೇವೆ. ಇತ್ತೀಚೆಗೆ ದೊಡ್ಡ ಗಿರಾಕಿಗಳು ಸ್ಟೆಮ್ (ವಾಲ್ವ್ ತೆರೆದು ಮುಚ್ಚುವ ಕಂಬಿ) ಹತ್ತಿರ ಸೋರಿಕೆ ತೀರಾ ಕಡಿಮೆ ಇರುವ ವಾಲ್ವ್ ಕೇಳುತ್ತಿದ್ದಾರೆ. ನಮ್ಮಲ್ಲಿ ಆರ್ ಅಂಡ್ ಡಿ ಅಂತ ಏನೂ ಇಲ್ಲ. ದೊಡ್ಡ ಕಂಪನಿಗಳು ಹೊರಗಿನವರ ಸಂಶೋಧನೆ ತಂದು ಹೊಸ ಮಾಲು ಮಾಡುತ್ತವೆ ಅಂತ ಓದಿದ್ದೇನೆ. ಇಲ್ಲೇ ಪಕ್ಕದಲ್ಲಿ ಐಐಟಿ ಇದೆ, ಕೆಎಲ್‌ಇ ಟೆಕ್ ಇದೆ. ಆದರೆ ಹಿರಿಯರನ್ನು ಕೇಳಿದರೆ ‘ಕಾಲೇಜಿನವರು ಪೇಪರ್ ಬರೀತಾರ್ರೀ, ಮಾಲು ಮಾಡಂಗಿಲ್ಲ’ ಅಂತಾರೆ. ನಮ್ಮಂಥವರಿಗೂ ಇದು ಸಾಧ್ಯವಾ? ನಮ್ಮ ಗುಟ್ಟು ಹೊರಗೆ ಹೋಗಲ್ವಾ? ಬ್ಯಾಡಗಿಯಲ್ಲಿ ನಮ್ಮ ಭಾವನವರ ಮೆಣಸಿನಕಾಯಿ ಪುಡಿಯ ಮಿಲ್ ಇದೆ. ಅವರಿಗೂ ಈ ದಾರಿ ಆಗುತ್ತಾ?

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ನಿಜ. ಕಾಲೇಜಿನವರು ಮಾಲು ಮಾಡುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಮಾಲು ಮಾಡಬೇಕಾದವರು ನೀವು. ಹೊರಗಿನ ಸಂಶೋಧನೆ ಅಂದರೆ ಯಾರೋ ಸಿದ್ಧ ಮಾಲು ತಂದು ಕೊಡುತ್ತಾರೆ ಅಂದುಕೊಂಡು ಹೋದವರೇ ಜಾಸ್ತಿ ನಿರಾಶರಾಗಿ ವಾಪಸ್ ಬರುತ್ತಾರೆ.

ಮೊದಲು ದೊಡ್ಡವರು ಏನು ಮಾಡಿದರು ನೋಡೋಣ. ಅಮೆರಿಕದ ಹೆನ್ರಿ ಚೆಸ್‌ಬ್ರೋ 2003ರಲ್ಲಿ ಇದಕ್ಕೆ ‘ಓಪನ್ ಇನ್ನೋವೇಶನ್’ ಅಂತ ಹೆಸರಿಟ್ಟರು. ಅಷ್ಟರಲ್ಲಾಗಲೇ ಸೋಪು, ಡೈಪರ್ ಮಾಡುವ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಈ ದಾರಿ ಹಿಡಿದಿತ್ತು. 2000ದಲ್ಲಿ ಅಲ್ಲಿನ ಮುಖ್ಯಸ್ಥರಾದ ಎ.ಜಿ. ಲಾಫ್ಲಿ, ಹೊಸ ಐಡಿಯಾಗಳಲ್ಲಿ ಅರ್ಧದಷ್ಟು ಹೊರಗಿನಿಂದ ಬರಬೇಕು ಅಂತ ಗುರಿ ಇಟ್ಟರು. ಅವರ ಲೆಕ್ಕ ಸರಳ. ಕಂಪನಿಯೊಳಗೆ ಸುಮಾರು 7,500 ಸಂಶೋಧಕರಿದ್ದಾರೆ. ಅವರಷ್ಟೇ ಜಾಣರು ಹೊರಗೆ 15 ಲಕ್ಷ ಜನ ಇದ್ದಾರೆ. ಅವರನ್ನು ಬಿಟ್ಟು ಕೂರುವುದು ಯಾಕೆ?

ಇದರಲ್ಲಿ ಜನ ಯಾವಾಗಲೂ ಹೇಳುವ ಕತೆ ಪ್ರಿಂಗಲ್ಸ್ ಚಿಪ್ಸ್‌ದು. ಚಿಪ್ಸ್ ಮೇಲೆ ಚಿತ್ರ, ಒಗಟು ಪ್ರಿಂಟ್ ಮಾಡಬೇಕಿತ್ತು. ತಾವೇ ಕೂತು ತಿನ್ನಬಹುದಾದ ಶಾಯಿ, ಪ್ರಿಂಟರ್ ಎಲ್ಲ ಕಂಡುಹಿಡಿಯುವ ಬದಲು, ಬೇಕಾದ್ದೇನು ಅಂತ ಒಂದು ಟಿಪ್ಪಣಿ ಬರೆದು ಯುರೋಪಿನ ತುಂಬ ಹಂಚಿದರು. ಇಟಲಿಯ ಬೊಲೊನ್ಯಾದಲ್ಲಿ ಒಬ್ಬ ಪ್ರಾಧ್ಯಾಪಕರು ಒಂದು ಸಣ್ಣ ಬೇಕರಿ ನಡೆಸುತ್ತಿದ್ದರು. ಕೇಕ್, ಬಿಸ್ಕೆಟ್ ಮೇಲೆ ಇಂಕ್‌ಜೆಟ್‌ನಲ್ಲಿ ಚಿತ್ರ ಮೂಡಿಸುವ ವಿಧಾನ ಅವರ ಹತ್ತಿರ ಆಗಲೇ ಇತ್ತು. ಅದನ್ನೇ ಚಿಪ್ಸ್‌ಗೆ ಹೊಂದಿಸಿ 2004ರಲ್ಲಿ ಮಾರುಕಟ್ಟೆಗೆ ಬಿಟ್ಟರು.

ಇಲ್ಲಿ ಎಲ್ಲರೂ ಬೇಕರಿಯನ್ನೇ ನೆನಪಿಟ್ಟುಕೊಳ್ಳುತ್ತಾರೆ. ನಾನು ನೋಡುವುದು ಆ ಟಿಪ್ಪಣಿಯನ್ನು. ಹೊರಗೆ ಹುಡುಕುವುದಕ್ಕೆ ಅಂತಲೇ ಆ ಕಂಪನಿಯಲ್ಲಿ ಸುಮಾರು 70 ಜನ ಇದ್ದರು. ತಮ್ಮ ಕಷ್ಟವನ್ನು ಹೊರಗಿನವರಿಗೆ ಅರ್ಥವಾಗುವ ಹಾಗೆ ಬರೆಯುವುದು, ಬಂದ ಉತ್ತರದಲ್ಲಿ ಜೊಳ್ಳು ಯಾವುದು ಗಟ್ಟಿ ಯಾವುದು ಅಂತ ತೂರಿ ನೋಡುವುದು ಅವರ ಕೆಲಸ. ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂಥಾಲ್ ಎಂಬ ಇಬ್ಬರು ಸಂಶೋಧಕರು 1990ರಲ್ಲೇ ಇದನ್ನು ಬರೆದಿದ್ದರು. ಹೊರಗಿನ ಜ್ಞಾನ ದಕ್ಕಬೇಕಾದರೆ ಆ ವಿಷಯದ ತಿಳಿವಳಿಕೆ ಮೊದಲು ಒಳಗೆ ಸ್ವಲ್ಪವಾದರೂ ಇರಬೇಕು ಅನ್ನುವುದು ಅವರ ಮಾತಿನ ಸಾರ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಯಾವ ಪ್ರೊಫೆಸರನ್ನು ಹಿಡಿಯಬೇಕು ಅನ್ನುವುದು ಆಮೇಲಿನ ಮಾತು. ನಿಮ್ಮ ಶಾಪಿನಲ್ಲಿ ಈ ಕೆಲಸಕ್ಕೆ ಯಾರು ಅನ್ನುವುದು ಮೊದಲು ತೀರ್ಮಾನ ಆಗಬೇಕು.

ಮೂವತ್ತು ಜನರ ಕಾರ್ಖಾನೆಗೆ 70 ಜನ ಬೇಡ, ಒಬ್ಬರು ಸಾಕು. ನಿಮ್ಮ ಕ್ಯೂಸಿ (ಗುಣಮಟ್ಟ ತಪಾಸಣೆ) ವಿಭಾಗದಲ್ಲಿ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ, ಮಾಡುವ ಡಿಪ್ಲೊಮಾ ಹುಡುಗನೋ ಹುಡುಗಿಯೋ ಇರಬೇಕಲ್ವಾ? ವಾಲ್ವ್ ಫೇಲ್ ಆದಾಗ ಸುಮ್ನೆ ರಿಜೆಕ್ಟ್ ಅಂತ ಬರೆದು ಪಕ್ಕಕ್ಕಿಡದೆ, ಬಿಚ್ಚಿ ನೋಡುವ ಚಟ ಇರುವವರು. ಅಂಥವರಿಗೆ ವಾರದಲ್ಲಿ ಒಂದು ದಿನ ಬಿಡುವು ಮಾಡಿಕೊಡಿ. ಆ ದಿನ ಡಿಸ್ಪ್ಯಾಚ್ ಅವಸರ ಇದೆ ಅಂತ ಪ್ಯಾಕಿಂಗ್‌ಗೆ ಎಳೆದು ತರಬಾರದು. ಮಾಲೀಕರು ಇಲ್ಲೇ ಸೋಲುವುದು. ಮಾರ್ಚ್ ತಿಂಗಳು ಬಂದರೆ ಸಾಕು, ಆರ್ ಅಂಡ್ ಡಿ ಹುಡುಗ ಲಾರಿ ಲೋಡ್ ಮಾಡಿಸುತ್ತಾ ನಿಂತಿರುತ್ತಾನೆ.

ಇನ್ನು ಟಿಪ್ಪಣಿ. ಇದು ಒಂದು ಪುಟ ದಾಟಬಾರದು. ಬಹಳ ಜನ ಪ್ರೊಫೆಸರ ಮುಂದೆ ಕೂತು ಹೇಳುವುದು ‘ಸರ್, ಸೋರಿಕೆ ಕಡಿಮೆ ಮಾಡೋ ಹೊಸ ಟೆಕ್ನಾಲಜಿ ಬೇಕಾಗಿತ್ತು’ ಅಂತ. ಇದಕ್ಕೆ ಅವರು ಏನು ಹೇಳಬೇಕು? ಟೀ ಕುಡಿಸಿ, ‘ನೋಡೋಣ, ಒಬ್ಬ ಸ್ಟೂಡೆಂಟನ್ನ ಹಚ್ಚೋಣ’ ಅಂತಾರೆ. ಅಲ್ಲಿಗೆ ಮುಗಿಯಿತು.

ನಿಮ್ಮ ಟಿಪ್ಪಣಿ ಹೀಗಿರಲಿ. ಎಷ್ಟು ಇಂಚಿನ ವಾಲ್ವ್, ಯಾವ ಪ್ರೆಶರ್ ಕ್ಲಾಸ್. ಒಳಗೆ ಹರಿಯುವುದು ಏನು, ಎಷ್ಟು ಡಿಗ್ರಿಯಲ್ಲಿ. ಗ್ಲ್ಯಾಂಡ್ ಪ್ಯಾಕಿಂಗ್ (ಸೋರದಂತೆ ಸ್ಟೆಮ್ ಸುತ್ತ ಅದುಮಿಡುವ ರಿಂಗುಗಳು) ಯಾವುದು, ಟೆಫ್ಲಾನೋ ಗ್ರಾಫೈಟೋ, ಎಷ್ಟು ರಿಂಗ್, ಯಾರ ಸಪ್ಲೈ. ಸ್ಟೆಮ್ ಯಾವ ಲೋಹ, ಅದರ ಮೇಲ್ಮೈ ನುಣುಪು ಎಷ್ಟು. 0.4 ಮೈಕ್ರಾನ್ ಆರ್‌ಎ (ಒರಟುತನದ ಸರಾಸರಿ ಅಳತೆ) ಇದೆಯೋ 1.6 ಇದೆಯೋ ಅನ್ನುವುದರ ಮೇಲೆ ಬಹಳ ನಿಂತಿದೆ. ಗ್ಲ್ಯಾಂಡ್ ನಟ್ಟನ್ನು ಎಷ್ಟು ಟಾರ್ಕ್‌ಗೆ ಬಿಗಿ ಮಾಡುತ್ತೀರಿ, ಅಥವಾ ಟಾರ್ಕ್ ರೆಂಚ್ ಇಲ್ಲದೆ ಫಿಟ್ಟರ್ ಕೈ ಅಂದಾಜಿನಲ್ಲೇ ಬಿಗಿ ಮಾಡುತ್ತಾರಾ? ಹಾಗಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ. ಎಷ್ಟು ಸಲ ತೆರೆದು ಮುಚ್ಚಿದ ಮೇಲೆ ಸೋರಿಕೆ ಶುರುವಾಗುತ್ತದೆ. ಕಳೆದ ವರ್ಷ ಎಷ್ಟು ವಾಲ್ವ್ ವಾಪಸ್ ಬಂದವು. ಈಗಾಗಲೇ ಏನೇನು ಮಾಡಿ ನೋಡಿದಿರಿ. ಒಂದು ವಾಲ್ವ್‌ಗೆ ಎಷ್ಟು ರೂಪಾಯಿ ಜಾಸ್ತಿ ಆದರೆ ತಡೆದುಕೊಳ್ಳಬಲ್ಲಿರಿ. ಕೊನೆಗೆ, ಗಿರಾಕಿ ಕೇಳುತ್ತಿರುವ ಸ್ಟ್ಯಾಂಡರ್ಡ್ ಯಾವುದು.

ಆ ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಲೋ ಎಮಿಷನ್’ ಅಂತ ಗಿರಾಕಿ ಬಾಯಲ್ಲಿ ಹೇಳಿರುತ್ತಾರೆ. ಐಎಸ್‌ಒ 15848 ಎಂಬ ವಾಲ್ವ್ ಸೋರಿಕೆಯ ಅಂತರರಾಷ್ಟ್ರೀಯ ಮಾನದಂಡದ ಮೊದಲ ಭಾಗ ಅಂತ ಪರ್ಚೇಸ್ ಆರ್ಡರಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಪರೀಕ್ಷೆಯಲ್ಲಿ ಹೀಲಿಯಂ ಅಥವಾ ಮೀಥೇನ್ ತುಂಬಿ, ವಾಲ್ವನ್ನು ಬಿಸಿ ಮಾಡಿ ತಣ್ಣಗೆ ಮಾಡಿ, ಮತ್ತೆ ಮತ್ತೆ ತೆರೆದು ಮುಚ್ಚಿ ಸೋರಿಕೆ ಅಳೆಯುತ್ತಾರೆ. ತೆರೆದು ಮುಚ್ಚುವ ಬಗೆಯ ವಾಲ್ವ್‌ಗೆ ಅದರಲ್ಲಿ ಅತಿ ಕೆಳಗಿನ ಹಂತವೇ 205 ಸಲ. ಮೇಲಿನವು 1,500 ಮತ್ತು 2,500. ಸೋರಿಕೆಯ ಮಟ್ಟಕ್ಕೂ ಎ, ಬಿ, ಸಿ ಅಂತ ದರ್ಜೆ ಇದೆ. ಗಿರಾಕಿಗೆ ಬೇಕಾದ್ದು ಯಾವ ದರ್ಜೆ, ಎಷ್ಟು ಸಲ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಎಷ್ಟೋ ಸಲ ಈ ಒಂದು ಇಮೇಲ್‌ನಿಂದಲೇ ಕೆಲಸ ಅರ್ಧಕ್ಕೆ ಇಳಿಯುತ್ತದೆ.

ಟಿಪ್ಪಣಿ ಬರೆಯುವಾಗ ಇನ್ನೊಂದು ಕೆಲಸ ಮಾಡಿ. ನಿಮ್ಮ ವೃತ್ತಿಯ ಮಾತುಗಳನ್ನು ಕಳಚಿ, ಅದೇ ಕಷ್ಟವನ್ನು ಎರಡೇ ಸಾಲಿನಲ್ಲಿ ಬರೆಯಿರಿ. ‘ಬಿಸಿಯಾಗಿ ತಣ್ಣಗಾಗುವ ಒಂದು ಲೋಹದ ಕಂಬಿ ಮೇಲೆ ಕೆಳಗೆ ಜಾರಬೇಕು. ಅದರ ಸುತ್ತ ಅದುಮಿಟ್ಟ ಮೆತ್ತನೆಯ ವಸ್ತು ಕುಗ್ಗಿದರೂ ಹಿಡಿತ ಬಿಡಬಾರದು.’ ಹೀಗೆ ಬರೆದರೆ ವಾಲ್ವ್ ಗೊತ್ತಿಲ್ಲದವರೂ ಉತ್ತರ ಕೊಡಬಲ್ಲರು.

ಇದು ಬರೀ ಬುದ್ಧಿವಾದ ಅಲ್ಲ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಕಚ್ಚಾತೈಲ ಸಮುದ್ರಕ್ಕೆ ಚೆಲ್ಲಿತ್ತು. ಅಂಥ ತೈಲವನ್ನು ಎತ್ತಿ ದೋಣಿಗೆ ತುಂಬಿಕೊಂಡರೂ ಆ ಚಳಿಯಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತದೆ, ಪಂಪ್ ಮಾಡಲು ಬರುವುದಿಲ್ಲ. ಎಣ್ಣೆ ಉದ್ಯಮದವರಿಗೇ ಇದು ಬಗೆಹರಿದಿರಲಿಲ್ಲ. 2007ರಲ್ಲಿ ಅಲ್ಲಿನ ಒಂದು ಸಂಸ್ಥೆ ಇದನ್ನು ಇನ್ನೋಸೆಂಟಿವ್ ಎಂಬ ವೇದಿಕೆಯಲ್ಲಿ ಬಹುಮಾನದ ಪ್ರಶ್ನೆಯಾಗಿ ಇಟ್ಟಿತು. ಔಷಧ ಕಂಪನಿ ಎಲಿ ಲಿಲ್ಲಿಯ ಬೆಂಬಲದಿಂದ 2001ರಲ್ಲಿ ಶುರುವಾದ ವೇದಿಕೆ ಅದು. 20,000 ಡಾಲರ್ ಗೆದ್ದವರು ಜಾನ್ ಡೇವಿಸ್ ಎಂಬ ಕೆಮಿಸ್ಟ್. ಎಣ್ಣೆ ಉದ್ಯಮಕ್ಕೂ ಅವರಿಗೂ ಸಂಬಂಧ ಇರಲಿಲ್ಲ. ಕಾಂಕ್ರೀಟ್ ಹಾಕುವಾಗ ಅದು ಗಟ್ಟಿಯಾಗದೆ ಹರಿಯಲಿ ಅಂತ ವೈಬ್ರೇಟರ್ ಇಳಿಸುತ್ತಾರಲ್ಲ, ಅದನ್ನೇ ಎಣ್ಣೆಗೂ ಇಳಿಸಿ ಅಂದರು. ಗೋಕುಲ ರೋಡಿನಲ್ಲಿ ಯಾವ ಸ್ಲ್ಯಾಬ್ ಹಾಕುವ ಜಾಗಕ್ಕೆ ಹೋದರೂ ಆ ವೈಬ್ರೇಟರಿನ ಸದ್ದು ಕೇಳುತ್ತದೆ.

ಈಗ ಟಿಪ್ಪಣಿ ಕೈಯಲ್ಲಿದೆ ಅಂದುಕೊಳ್ಳಿ. ನೇರ ಐಐಟಿ ಗೇಟಿಗೆ ಹೋಗಬೇಡಿ. ನಿಮಗೆ ಬೇಕಾದ ಸಂಶೋಧನೆ ಬಹುಪಾಲು ಆಗಲೇ ಎಲ್ಲೋ ಆಗಿಹೋಗಿದೆ. ಮೊದಲು ಅದನ್ನು ಹುಡುಕಿ.

ಹತ್ತಿರದ ಸಂಶೋಧಕ ಅಂದರೆ ನಿಮ್ಮ ಪ್ಯಾಕಿಂಗ್ ಸಪ್ಲೈಯರ್. ಅವರು ಕಾಣುವ ವಾಲ್ವ್‌ಗಳ ಸಂಖ್ಯೆ ನಿಮ್ಮದಕ್ಕಿಂತ ಎಷ್ಟೋ ಜಾಸ್ತಿ. ಸ್ಟೆಮ್ ಸೋರಿಕೆಗೆ ಮುಖ್ಯ ಕಾರಣ ಏನು ಅಂತ ಅವರಿಗೆ ಗೊತ್ತು. ದಿನ ಕಳೆದಂತೆ ಪ್ಯಾಕಿಂಗ್ ಕೂತುಕೊಳ್ಳುತ್ತದೆ, ಗ್ಲ್ಯಾಂಡ್ ಬೋಲ್ಟಿನ ಒತ್ತಡ ಇಳಿಯುತ್ತದೆ. ಅದಕ್ಕೆ ಬೋಲ್ಟಿನ ಕೆಳಗೆ ಬಟ್ಟಲಾಕಾರದ ಸ್ಪ್ರಿಂಗ್ ವಾಷರ್ ಜೋಡಿಸಿ ಒತ್ತಡ ಕಾಯ್ದುಕೊಳ್ಳುವ ‘ಲೈವ್ ಲೋಡಿಂಗ್’ ಅನ್ನುವ ಪದ್ಧತಿ ಹಳೆಯದು. ಅಚ್ಚಿನಲ್ಲಿ ಒತ್ತಿದ ಗ್ರಾಫೈಟ್ ರಿಂಗಿನ ಮೇಲೆ ಕೆಳಗೆ ಹೆಣೆದ ರಿಂಗ್ ಇಡುವುದೂ ಹೊಸದೇನಲ್ಲ. ನಿಮ್ಮ ಶಾಪಿಗೆ ಇವು ಹೊಸದಾಗಿದ್ದರೆ ಸಾಕು. ‘ಜಗತ್ತಿಗೇ ಹೊಸದು’ ಬೇಕು ಅಂತ ಹಟ ಹಿಡಿಯುವುದು ಪ್ರಶಸ್ತಿಗೆ ಅರ್ಜಿ ಹಾಕುವವರಿಗೆ ಬಿಡಿ.

ಎರಡನೆಯದು ಪರೀಕ್ಷಾ ಕೇಂದ್ರಗಳು. ಕೇರಳದ ಪಾಲಕ್ಕಾಡ್‌ನಲ್ಲಿ ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ. ವಾಲ್ವ್, ಫ್ಲೋ ಮೀಟರ್ ಪರೀಕ್ಷೆಯೇ ಅವರ ಕಸುಬು. ಬೆಂಗಳೂರಿನ ಸಿಎಂಟಿಐ ಸಂಸ್ಥೆ ಯಂತ್ರೋಪಕರಣ, ಅಳತೆ, ಮೇಲ್ಮೈ ನುಣುಪಿನ ವಿಷಯದಲ್ಲಿ ಗಟ್ಟಿ. ಸ್ಟೆಮ್‌ಗೆ ಗಟ್ಟಿ ಲೇಪನ ಬೇಕು ಅನ್ನಿಸಿದರೆ ಹೈದರಾಬಾದಿನ ಎಆರ್‌ಸಿಐ ಸಂಸ್ಥೆ ಡಿಟೋನೇಶನ್ ಸ್ಪ್ರೇ ಲೇಪನವನ್ನು ಬೆಳೆಸಿ, ಸಣ್ಣ ಉದ್ಯಮಿಗಳಿಗೂ ದಾಟಿಸಿದೆ. ಇಂಥ ಕಡೆ ಟೆಸ್ಟ್‌ಗೆ ಹೋದಾಗ ವಾಲ್ವ್ ಕೊರಿಯರ್ ಮಾಡಿ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ. ನಿಮ್ಮ ಕ್ಯೂಸಿ ಹುಡುಗನನ್ನೂ ಕಳಿಸಿ. ರಿಪೋರ್ಟಿನಲ್ಲಿ ‘ಫೇಲ್’ ಅಂತ ಒಂದೇ ಪದ ಇರುತ್ತದೆ. ಪಕ್ಕದಲ್ಲಿ ನಿಂತವನಿಗೆ ಎಷ್ಟನೇ ಸಲಕ್ಕೆ, ಬಿಸಿಯಲ್ಲೋ ತಣ್ಣಗಾಗುವಾಗಲೋ, ಯಾವ ಬದಿಯಿಂದ ಸೋರಿತು ಅಂತ ಗೊತ್ತಾಗುತ್ತದೆ. ಅಲ್ಲಿನ ಟೆಕ್ನಿಷಿಯನ್ ಟೀ ಹೊತ್ತಿನಲ್ಲಿ ಹೇಳುವ ಮಾತು ಯಾವ ರಿಪೋರ್ಟಿನಲ್ಲೂ ಅಚ್ಚಾಗುವುದಿಲ್ಲ.

ಮೂರನೆಯದು ಪೇಟೆಂಟ್ ಕಡತ. ಪೇಟೆಂಟ್ ಅಂದರೆ ಹೆದರುತ್ತಾರೆ. ನನ್ನ ಮಟ್ಟಿಗೆ ಅದು ಪುಕ್ಕಟೆ ಲೈಬ್ರರಿ. ಅರ್ಜಿ ಹಾಕಿ ಸಾಮಾನ್ಯವಾಗಿ 18 ತಿಂಗಳಾದ ಮೇಲೆ ಅದು ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಪೇಟೆಂಟಿನ ಆಯಸ್ಸು ಅರ್ಜಿ ಹಾಕಿದ ದಿನದಿಂದ 20 ವರ್ಷ. ಅವಧಿ ಮುಗಿದದ್ದನ್ನು ಬಳಸಿಕೊಳ್ಳಲು ಯಾರನ್ನೂ ಕೇಳಬೇಕಿಲ್ಲ. ಪೇಟೆಂಟ್ ಆಯಾ ದೇಶಕ್ಕೆ ಮಾತ್ರ ಸೀಮಿತ ಅನ್ನುವುದೂ ನೆನಪಿರಲಿ. ಜರ್ಮನಿಯಲ್ಲಿ ಮಾತ್ರ ಇದ್ದು ಭಾರತದಲ್ಲಿ ಇಲ್ಲದ ಪೇಟೆಂಟಿನ ವಿಧಾನವನ್ನು ಹುಬ್ಬಳ್ಳಿಯಲ್ಲಿ ಬಳಸಬಹುದು. ಆ ವಾಲ್ವನ್ನು ಜರ್ಮನಿಗೆ ರಫ್ತು ಮಾಡಿದರೆ ಮಾತ್ರ ತಕರಾರು ಬರುತ್ತದೆ. ಹಳೆಯ ಪೇಟೆಂಟ್ ಮುಗಿದಿದ್ದರೂ ಅದರ ಮೇಲಿನ ಸುಧಾರಣೆಗೆ ಹೊಸ ಪೇಟೆಂಟ್ ಜೀವಂತ ಇರಬಹುದು. ಹಾಗಾಗಿ ಹಣ ಹೂಡುವ ಮುಂಚೆ ಒಬ್ಬ ಪೇಟೆಂಟ್ ಏಜೆಂಟರಿಗೆ ತೋರಿಸಿ. ಭಾರತದ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಜಾಲತಾಣದಲ್ಲಿ, ಕೃಷಿಯವು ಕೃಷಿಕೋಶ ಜಾಲತಾಣದಲ್ಲಿ ಓದಲು ಸಿಗುತ್ತವೆ. ಪ್ರಬಂಧದಲ್ಲಿ ಮೊದಲ ಅಧ್ಯಾಯಗಳನ್ನು ಬಿಟ್ಟು, ಪ್ರಯೋಗ ಹೇಗೆ ಮಾಡಿದರು ಅನ್ನುವ ಭಾಗ ಓದಿ. ಯಾವ ಯಂತ್ರ ಯಾವ ಕಾಲೇಜಿನಲ್ಲಿದೆ ಅಂತಲೂ ಅಲ್ಲೇ ಗೊತ್ತಾಗುತ್ತದೆ.

ಇಷ್ಟು ಮಾಡಿದ ಮೇಲೂ ಉಳಿಯುವ ಕಷ್ಟ ಇರುತ್ತದಲ್ಲ, ಅದನ್ನು ಹಿಡಿದುಕೊಂಡು ಕ್ಯಾಂಪಸ್‌ಗೆ ಹೋಗಿ. ಧಾರವಾಡದ ಐಐಟಿ 2016ರಲ್ಲಿ ಶುರುವಾಗಿದ್ದು. ಹುಬ್ಬಳ್ಳಿಯ ಕೆಎಲ್‌ಇ ಟೆಕ್‌ಗೆ ಬಿವಿಬಿ ಕಾಲೇಜಿನ 1947ರಷ್ಟು ಹಳೆಯ ಬೇರು ಇದೆ. ಅಲ್ಲಿ ಓದಿದವರು ಇಲ್ಲಿನ ಅರ್ಧ ಶಾಪುಗಳಲ್ಲಿ ಸಿಗುತ್ತಾರೆ. ಎರಡಕ್ಕೂ ಹೋಗಬಹುದು. ಯಾವ ಬಗೆಯ ಕೆಲಸ ಕೇಳಬೇಕು ಅನ್ನುವುದರಲ್ಲಿ ಮಾತ್ರ ಗೊಂದಲ ಬೇಡ.

ಅಂತಿಮ ವರ್ಷದ ಬಿ.ಇ. ಹುಡುಗರ ಪ್ರಾಜೆಕ್ಟ್ ಅಗ್ಗ. ಆದರೆ ಅದು ಪರೀಕ್ಷೆಯ ಕ್ಯಾಲೆಂಡರಿಗೆ ಕಟ್ಟುಬಿದ್ದದ್ದು. ವೈವಾ ಮುಗಿದ ಮರುದಿನ ಹುಡುಗರು ಬೆಂಗಳೂರಿನ ಬಸ್ ಹತ್ತುತ್ತಾರೆ. ಹಾಗಾಗಿ ಅವರಿಗೆ ಅಳತೆಯ ಕೆಲಸ ಕೊಡಿ. ಉದಾಹರಣೆಗೆ ಮೂರು ಬಗೆಯ ಸ್ಟೆಮ್ ಫಿನಿಶ್, ಎರಡು ಬಗೆಯ ಪ್ಯಾಕಿಂಗ್, ಎಷ್ಟು ಸಲಕ್ಕೆ ಎಷ್ಟು ಸೋರಿತು. ‘ಹೊಸ ವಾಲ್ವ್ ಡಿಸೈನ್ ಮಾಡಿ’ ಅಂತ ಕೊಡಬೇಡಿ. ಕನ್ಸಲ್ಟೆನ್ಸಿ ಅಂದರೆ ಪ್ರಾಧ್ಯಾಪಕರು ತಮಗೆ ಆಗಲೇ ಗೊತ್ತಿರುವುದನ್ನು ನಿಮ್ಮ ಕಷ್ಟಕ್ಕೆ ಹಚ್ಚುವುದು. ವಾರಗಳಲ್ಲಿ ಮುಗಿಯುತ್ತದೆ, ದುಬಾರಿ, ಆದರೆ ಉತ್ತರ ಸಿಗುತ್ತದೆ. ಪ್ರಾಯೋಜಿತ ಸಂಶೋಧನೆ ಅಂದರೆ ಯಾರಿಗೂ ಗೊತ್ತಿಲ್ಲದ್ದನ್ನು ಹುಡುಕುವುದು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ‘ಆಗಲಿಲ್ಲ’ ಅನ್ನುವುದೂ ಅಲ್ಲಿ ನ್ಯಾಯವಾದ ಫಲಿತಾಂಶವೇ. ನಿಮಗೆ ಸದ್ಯಕ್ಕೆ ಬೇಕಾಗಿರುವುದು ಮೊದಲಿನ ಎರಡು. ಮೂರನೆಯದಕ್ಕೆ ಕೈ ಹಾಕಬೇಡಿ ಅಂತಲೇ ನನ್ನ ಸಲಹೆ.

ಮೊದಲ ಭೇಟಿಗೆ ಪವರ್‌ಪಾಯಿಂಟ್ ಒಯ್ಯಬೇಡಿ. ಫೇಲ್ ಆದ ವಾಲ್ವಿನಿಂದ ಬಿಚ್ಚಿದ ಪ್ಯಾಕಿಂಗ್ ರಿಂಗುಗಳನ್ನು, ಯಾವುದು ಮೇಲಿನದು ಯಾವುದು ಕೆಳಗಿನದು ಅಂತ ಚೀಟಿ ಅಂಟಿಸಿ, ಗೀರು ಬಿದ್ದ ಸ್ಟೆಮ್ ಜೊತೆಗೆ ಒಯ್ಯಿರಿ. ವಸ್ತುವನ್ನು ಕೈಯಲ್ಲಿ ಹಿಡಿದ ಕೂಡಲೇ ಒಳ್ಳೆ ಮೇಷ್ಟ್ರು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಹಿಡಿದೂ ಪ್ರಶ್ನೆ ಕೇಳದಿದ್ದರೆ ನಮಸ್ಕಾರ ಹೇಳಿ ಬೇರೆಯವರನ್ನು ನೋಡಿ.

ಈಗ ನಿಮ್ಮ ಗುಟ್ಟಿನ ಮಾತು. ಮಾತುಕತೆಗೆ ಮುಂಚೆ ಗೋಪ್ಯತೆಯ ಒಪ್ಪಂದ ಮಾಡಿಕೊಳ್ಳಿ. ಭಾರತದಲ್ಲಿ ವ್ಯಾಪಾರದ ಗುಟ್ಟಿಗೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಹಾಗಾಗಿ ಕಾಗದದ ಮೇಲೆ ಏನು ಬರೆದಿದ್ದೀರೋ ಅದೇ ಮುಖ್ಯ ರಕ್ಷಣೆ. ಆದರೆ ನಿಜವಾದ ತೊಡಕು ಬರುವುದು ಕಳ್ಳತನದಿಂದ ಅಲ್ಲ, ಕೆಲಸ ಚೆನ್ನಾಗಿ ಆದಾಗ. ‘ದುಡ್ಡು ನಾವು ಕೊಟ್ಟಿದ್ದೇವೆ, ಪೇಟೆಂಟ್ ನಮ್ಮದೇ’ ಅಂತ ಮಾಲೀಕರು ಅಂದುಕೊಂಡಿರುತ್ತಾರೆ. ನಮ್ಮ ಪೇಟೆಂಟ್ ಕಾಯ್ದೆ ಹಾಗೆ ಹೇಳುವುದಿಲ್ಲ. ಹಕ್ಕು ಮೊದಲು ಕಂಡುಹಿಡಿದವರದ್ದು. ಅವರು ಬರೆದುಕೊಟ್ಟರೆ ಮಾತ್ರ ನಿಮ್ಮದು. ಆ ಕಂಡುಹಿಡಿದವರಲ್ಲಿ ಎಂ.ಟೆಕ್ ಹುಡುಗಿಯೂ ಇರಬಹುದು.

‘ಹಾಗಾದರೆ ಜಂಟಿ ಹೆಸರಿನಲ್ಲಿ ಮಾಡೋಣ ಬಿಡಿ’ ಅಂತ ಇಬ್ಬರೂ ಖುಷಿಯಿಂದ ಸಹಿ ಹಾಕುತ್ತಾರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಜಂಟಿ ಪೇಟೆಂಟಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಾಡಿಗೆ ಅದನ್ನು ಬಳಸಬಹುದು. ಆದರೆ ಮೂರನೆಯವರಿಗೆ ಲೈಸೆನ್ಸ್ ಕೊಡಲು, ಮಾರಲು ಇನ್ನೊಬ್ಬರ ಒಪ್ಪಿಗೆ ಬೇಕೇ ಬೇಕು. ನಾಳೆ ಪುಣೆಯ ಕಂಪನಿಯೊಂದು ನಿಮ್ಮ ವಿಧಾನ ಕೊಳ್ಳಲು ಬಂದರೆ ಕ್ಯಾಂಪಸ್ಸಿನ ಸಮಿತಿ ಸೇರುವವರೆಗೆ ಕಾಯಬೇಕು. ಇದೆಲ್ಲ ಮೊದಲೇ ಮಾತಾಡಿ. ನಿಮ್ಮಂಥವರಿಗೆ ಬಹಳ ಸಲ ಪೇಟೆಂಟ್ ಮಾಲೀಕತ್ವ ಬೇಕಾಗುವುದೇ ಇಲ್ಲ. ವಾಲ್ವ್ ಗ್ಲ್ಯಾಂಡಿನ ಮಟ್ಟಿಗೆ ಇಷ್ಟು ವರ್ಷ ನಮಗೊಬ್ಬರಿಗೇ ಲೈಸೆನ್ಸ್ ಅಂತ ಬರೆಸಿಕೊಂಡರೆ ಸಾಕು. ಸಂಸ್ಥೆಯವರೂ ಅದಕ್ಕೆ ಬೇಗ ಒಪ್ಪುತ್ತಾರೆ.

ಪೇಪರ್ ಬರೆಯಬೇಡಿ ಅಂತ ಪ್ರಾಧ್ಯಾಪಕರಿಗೆ ಹೇಳಬೇಡಿ. ಅದು ಅವರ ಹೊಟ್ಟೆಪಾಡು. ಪ್ರಕಟಿಸುವ ಮೊದಲು ನಿಮಗೆ ತೋರಿಸಬೇಕು, ಅಷ್ಟರಲ್ಲಿ ಪೇಟೆಂಟಿಗೆ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ಮುಗಿದಿರಬೇಕು ಅಂತ ಷರತ್ತು ಹಾಕಿ. ಪ್ರಾವಿಷನಲ್ ಹಾಕಿದ 12 ತಿಂಗಳೊಳಗೆ ಪೂರ್ತಿ ಅರ್ಜಿ ಸಲ್ಲಿಸಬೇಕು. ಪೇಪರ್ ಮೊದಲು ಅಚ್ಚಾಗಿಬಿಟ್ಟರೆ ಆಮೇಲೆ ಪೇಟೆಂಟ್ ಸಿಗುವುದು ಬಹಳ ಕಷ್ಟ. ಹಣವನ್ನು ಕಂತಿನಲ್ಲಿ ಕೊಡಿ, ಕೊನೆಯ ಕಂತು ನಿಮ್ಮ ಶಾಪಿನಲ್ಲಿ ನಿಮ್ಮ ಫಿಟ್ಟರ್ ಕೈಯಲ್ಲಿ ಕೆಲಸ ಮಾಡಿ ತೋರಿಸಿದ ಮೇಲೆ.

ಯಾಕೆ ‘ಫಿಟ್ಟರ್ ಕೈಯಲ್ಲಿ’ ಅಂದೆ ಅಂದರೆ, ಲ್ಯಾಬಿನಲ್ಲಿ ಗೆದ್ದದ್ದು ಶಾಪಿನಲ್ಲಿ ಸೋಲುವುದು ಇಲ್ಲೇ. ಇದಕ್ಕೆ ನಮ್ಮ ಊರಿನದೇ ಒಳ್ಳೆಯ ಉದಾಹರಣೆ ಇದೆ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ವರಲಕ್ಷ್ಮಿ ಹತ್ತಿ ಹೊರತಂದರು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ಸಂಕರ ತಳಿ ಅದು. ಆಮೇಲೆ 1981ರಲ್ಲಿ ಡಿಸಿಎಚ್-32 ಬಂತು. ಉದ್ದ ಎಳೆಯ ಹತ್ತಿಗೆ ಹೊರದೇಶದ ಕಡೆ ನೋಡುತ್ತಿದ್ದ ಗಿರಣಿಗಳಿಗೆ ಇದು ದೊಡ್ಡ ಸಂಗತಿ. ಆದರೆ ತಳಿ ಧಾರವಾಡದ ಹೊಲದಲ್ಲಿ ಹುಟ್ಟಿದರೆ ಮುಗಿಯಿತಾ? ಸಂಕರ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಅದೂ ಹೂ ಹೂವಿಗೆ ಕೈಯಿಂದ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ದಳ ಮತ್ತು ಪರಾಗದ ಭಾಗ ಬಿಡಿಸಿ ತೆಗೆಯಬೇಕು, ಒಳಗಿನ ಕಾಯಿಗೆ ಗಾಯ ಆಗಬಾರದು. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂ ತಂದು ಅದಕ್ಕೆ ಸವರಬೇಕು. ರಾಣೆಬೆನ್ನೂರು ಕಡೆಯ ರೈತರು, ಅದರಲ್ಲೂ ಹೆಣ್ಣುಮಕ್ಕಳು, ಈ ಕ್ರಾಸಿಂಗ್ ಕೆಲಸದಲ್ಲಿ ಪಳಗಿದರು. ಇವತ್ತು ಬೀಜದ ಕಂಪನಿಗಳು ಆ ಭಾಗಕ್ಕೆ ಹುಡುಕಿಕೊಂಡು ಬರುವುದು ಆ ಕೈಚಳಕಕ್ಕೆ. ಅದು ಯಾವ ಪೇಪರಿನಲ್ಲೂ ಬರೆದಿಲ್ಲ, ಬರೆಯಲು ಬರುವುದೂ ಇಲ್ಲ.

ಸ್ವರಾಜ್ ಟ್ರ್ಯಾಕ್ಟರಿನದೂ ಇದೇ ಕತೆ. ದುರ್ಗಾಪುರದ ಸಿಎಂಇಆರ್‌ಐ ಎಂಬ ಸರ್ಕಾರಿ ಪ್ರಯೋಗಾಲಯದಲ್ಲಿ ಅದರ ಡಿಸೈನ್ ಆಯಿತು. 1970ರಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್ ಹುಟ್ಟಿ, 1974ರಲ್ಲಿ ಟ್ರ್ಯಾಕ್ಟರ್ ಹೊರಬಂತು. ಬರೀ ಡ್ರಾಯಿಂಗ್ ಕಳಿಸಿದ್ದರೆ ಅದು ಕಪಾಟಿನಲ್ಲೇ ಇರುತ್ತಿತ್ತೋ ಏನೋ. ಡಿಸೈನ್ ಮಾಡಿದ ಚಂದ್ರಮೋಹನ್ ಮತ್ತು ಅವರ ಜೊತೆಗಾರರೇ ಲ್ಯಾಬ್ ಬಿಟ್ಟು ಕಂಪನಿಗೆ ಹೋದರು. ನೀವು ಯಾರನ್ನೂ ಐಐಟಿಯಿಂದ ಎಬ್ಬಿಸಿಕೊಂಡು ಬರಬೇಕಿಲ್ಲ. ಪ್ರಯೋಗ ಮಾಡಿದ ವಿದ್ಯಾರ್ಥಿ ಒಂದು ತಿಂಗಳು ನಿಮ್ಮ ಶಾಪಿನಲ್ಲಿ ನಿಲ್ಲಲಿ, ನಿಮ್ಮ ಫಿಟ್ಟರ್ ಕೆಲವು ದಿನ ಅವರ ಲ್ಯಾಬಿಗೆ ಹೋಗಲಿ. ಇದನ್ನು ಒಪ್ಪಂದದಲ್ಲೇ ಬರೆಸಿ. ಆ ಹುಡುಗ ಚೆನ್ನಾಗಿದ್ದರೆ ಕೆಲಸಕ್ಕೇ ಸೇರಿಸಿಕೊಳ್ಳಿ, ಇದಕ್ಕಿಂತ ಅಗ್ಗದ ತಂತ್ರಜ್ಞಾನ ವರ್ಗಾವಣೆ ಇಲ್ಲ.

ಸರ್ಕಾರದ ಸಹಾಯಧನದ ಬಗ್ಗೆ ನೀವು ಕೇಳಿಲ್ಲ, ಕೇಳದಿದ್ದದ್ದೇ ಒಳ್ಳೆಯದು. ಯೋಜನೆಗಳಿವೆ, ಪೇಟೆಂಟ್ ಖರ್ಚು ವಾಪಸ್ ಕೊಡುವವೂ ಇವೆ. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಸಬ್ಸಿಡಿ ನೋಡಿ ಪ್ರಾಜೆಕ್ಟ್ ಆರಿಸಬೇಡಿ.

ನಿಮ್ಮ ಭಾವನವರ ದಾರಿ ಬೇರೆ. ಆಹಾರ ಸಂಸ್ಕರಣೆಯಲ್ಲಿ ಸಿದ್ಧ ತಂತ್ರಜ್ಞಾನ ಲೈಸೆನ್ಸ್‌ಗೆ ಸಿಗುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಸರ್ಕಾರಿ ಆಹಾರ ಸಂಶೋಧನಾ ಸಂಸ್ಥೆ 1950ರಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಅಮುಲ್‌ಗೆ ಹೋದದ್ದು ಅಲ್ಲಿಂದಲೇ. ಅದನ್ನು ದಕ್ಕಿಸಿಕೊಳ್ಳುವುದಕ್ಕೆ ಅಮುಲ್‌ನಲ್ಲೂ ಎಚ್.ಎಂ. ದಲಾಯಾ ಎಂಬ ಡೇರಿ ಎಂಜಿನಿಯರ್ ಇದ್ದರು. ಆಗದು ಅಂತ ಪರದೇಶದ ತಜ್ಞರು ಅಂದಿದ್ದ ಎಮ್ಮೆ ಹಾಲಿನ ಪುಡಿಯನ್ನು ಮಾಡಿ ತೋರಿಸಿದವರು.

ಭಾವನವರು ಮೈಸೂರಿಗೆ ಹೋಗುವ ಮುಂಚೆ ತಮ್ಮ ಕಷ್ಟ ಯಾವುದು ಅಂತ ಗೊತ್ತು ಮಾಡಿಕೊಳ್ಳಲಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ಸಿಕ್ಕಿದೆ. ಅದು ಹೆಸರನ್ನು ಕಾಯುತ್ತದೆ, ಬಣ್ಣವನ್ನು ಕಾಯುವುದಿಲ್ಲ. ಕೊಳ್ಳುವವರು ಬ್ಯಾಡಗಿಗೆ ದುಡ್ಡು ಕೊಡುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ಬೆಳಕು, ಗಾಳಿ, ಸೆಕೆಗೆ ಸಿಕ್ಕಿ ದಿನದಿನಕ್ಕೆ ಇಳಿಯುತ್ತದೆ. ಪುಡಿ ಮಾಡಿದ ಮೇಲಂತೂ ಇನ್ನೂ ಬೇಗ. ಇದನ್ನು ಆಸ್ಟಾ (ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘ) ಅಂಕಿಯಲ್ಲಿ ಅಳೆಯುತ್ತಾರೆ. ಅಸಿಟೋನ್‌ನಲ್ಲಿ ಬಣ್ಣ ಬಿಡಿಸಿ ಯಂತ್ರದಲ್ಲಿ ಓದುತ್ತಾರೆ.

ಒಂದೇ ಲಾಟಿನ ಮೂರು ಸ್ಯಾಂಪಲ್ ತೆಗೆಯಲಿ. ಮಿಲ್ಲಿಗೆ ಹಾಕುವ ಮುಂಚಿನ ಕಾಯಿ, ಮಿಲ್ಲಿನಿಂದ ಬಿಸಿಬಿಸಿಯಾಗಿ ಬಂದ ಪುಡಿ, ಮೂರು ತಿಂಗಳು ಗೋದಾಮಿನಲ್ಲಿದ್ದ ಪುಡಿ. ಪ್ರತಿಯೊಂದನ್ನೂ ತೆಗೆದ ದಿನವೇ ಲ್ಯಾಬಿಗೆ ಕಳಿಸಿ ಬಣ್ಣದ ಟೆಸ್ಟ್ ಮಾಡಿಸಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಬಣ್ಣ ಜಾಸ್ತಿ ಬಿದ್ದಿದ್ದರೆ ಕಷ್ಟ ಮಿಲ್ಲಿನ ಬಿಸಿಯಲ್ಲಿದೆ, ಯಂತ್ರದವರನ್ನೋ ಮೆಕ್ಯಾನಿಕಲ್ ಮೇಷ್ಟ್ರನ್ನೋ ಹಿಡಿಯಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಬಿದ್ದಿದ್ದರೆ ಅದು ಪ್ಯಾಕಿಂಗ್ ಮತ್ತು ಗೋದಾಮಿನ ಕಷ್ಟ. ಆಗ ಮೈಸೂರಿಗೆ ಟಿಕೆಟ್ ಮಾಡಿಸಬಹುದು.